ಅಗಸಿಯ ಮುಂದೆ ನಿಂತ ಚಕ್ಕಡಿ

ಬಾಸೆಲ್ ಮಿಶನ್ನಿನ ಠಾಣೆಗಳ ಹೆಸರು ಹೇಳಿರಿ ಎಂದರೆ ನಮ್ಮ ರವಿವಾರದ ಶಾಲೆಯ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ: 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಮಲಸಮುದ್ರ, 1851ರಲ್ಲಿ ಗುಳೇದಗುಡ್ಡ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು 1834ರ ಅಕ್ಟೋಬರ್ 30ರಂದು ಮಂಗಳೂರು ಮುಟ್ಟಿದರು. ಅಲ್ಲಿಂದ ಮೂರೇ ವರ್ಷದಲ್ಲಿ ಬಾಸೆಲ್ ಮಿಶನ್ ಘಟ್ಟ ಹತ್ತಿ ನಮ್ಮ ಸೀಮೆಗೆ ಬಂತು. ಸ್ಮರಣ ಸಂಚಿಕೆಗಳಲ್ಲಿ ಈ ಊರುಗಳ ಹೆಸರು, ಅಲ್ಲಿನ ಬಂಗಲೆ, ಶಾಲೆ, ಆಸ್ಪತ್ರೆಗಳ ಫೋಟೋ ತಪ್ಪದೆ ಬರುತ್ತವೆ. ಬರಬೇಕಾದದ್ದೇ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಆ ಪಟ್ಟಿಯಲ್ಲಿಲ್ಲ. ಈ ನಾಲ್ಕರಲ್ಲಿ ಯಾವುದೂ ಹಳೆಯ ಮಿಶನ್ನಿನ ಮುಖ್ಯ ಠಾಣೆಯಾಗಲಿಲ್ಲ. ಠಾಣೆಗಳ ಕಾಂಪೌಂಡು ದಾಟಿ ದಕ್ಷಿಣಕ್ಕೆ ಹೊರಟವರಿಗೆ ಇದು ಹಾದಿಯ ಸೀಮೆ. ಇಲ್ಲಿ ಮಿಶನ್ ಎಂದರೆ ಕಟ್ಟಡವಲ್ಲ. ಅಗಸಿಯ ಮುಂದೆ ಒಂದು ಚಕ್ಕಡಿ ನಿಲ್ಲುತ್ತಿತ್ತು. ಅದರಿಂದ ಒಬ್ಬ ಉಪದೇಶಿ, ಅವನ ಹೆಂಡತಿ, ನಿದ್ದೆಗಣ್ಣಿನ ಎರಡು ಮೂರು ಮಕ್ಕಳು ಇಳಿಯುತ್ತಿದ್ದರು. ಆ ಮನೆಯೇ ಸಭೆ. ಅಂಥದೊಂದು ಮನೆಯ ಮೂರನೆಯ ತಲೆಮಾರಿನವನು ನಾನು. ಸಂಚಿಕೆಯ ಸಮಿತಿಯವರು ಸಂಸ್ಥೆಯ ಇತಿಹಾಸ ಬರೆಯಿರಿ ಎಂದಾಗ ನನಗೆ ಮೊದಲು ನೆನಪಾದದ್ದು ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ನನ್ನ ಅಜ್ಜಿ.

ಹಾದಿಯ ಮಾತಿಗೆ ಮೊದಲು ನಾಡಿನ ಮಾತು. ಆಗ ಇದೆಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಶಿಗ್ಗಾವಿಯಲ್ಲಿ ಇದ್ದದ್ದು ಬಂಕಾಪುರ ತಾಲ್ಲೂಕಿನ ಕಚೇರಿ, ಹಿರೇಕೆರೂರಿನಲ್ಲಿ ಇದ್ದದ್ದು ಕೋಡ ತಾಲ್ಲೂಕಿನದು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಬೆಳಿಗ್ಗೆ ಬಂಕಾಪುರದ ಕಡೆಯಿಂದ ಹೊರಟ ಚಕ್ಕಡಿ ಸಂಜೆಯೊಳಗೆ ಇಂಗ್ಲಿಷರ ರಾಜ್ಯ ಬಿಟ್ಟು ನವಾಬರ ರಾಜ್ಯದಲ್ಲಿ ಎತ್ತು ಬಿಚ್ಚುತ್ತಿತ್ತು. ಹಾವೇರಿ ಜಿಲ್ಲೆ ಎಂಬ ಹೆಸರು ಬಂದದ್ದು 1997ರಲ್ಲಿ. ಹುಬ್ಬಳ್ಳಿಯಿಂದ ಹರಿಹರಕ್ಕೆ 1880ರ ದಶಕದಲ್ಲಿ ರೈಲು ಬಂದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ಸ್ಟೇಷನ್ ಸಿಕ್ಕಿತು. ಹಾನಗಲ್ಲಿಗೂ ಹಿರೇಕೆರೂರಿಗೂ ಹಳಿ ಮುಟ್ಟಲಿಲ್ಲ. ರೈಲು ಇಳಿದ ಮೇಲೆ ಮತ್ತೆ ಎತ್ತಿನ ಕೊರಳ ಗಂಟೆಯೇ ಗತಿ.

ಸಂಚಾರಕ್ಕೆ ಕಾಲವಿತ್ತು. ಮಳೆಗಾಲದಲ್ಲಿ ವರದೆ ತುಂಬಿದರೆ ಹಾನಗಲ್ಲಿನ ಹಳ್ಳಿಗಳಿಗೂ ಸವಣೂರಿನ ಹಳ್ಳಿಗಳಿಗೂ ಹಾದಿ ಕಡಿಯುತ್ತಿತ್ತು. ಧರ್ಮಾ ಹೊಳೆ ವರದೆಗೆ ಸೇರುವ ಕಡೆ ಗದ್ದೆಗಳೇ ಕೆರೆ. ಸವಣೂರಿನ ಎರೆ ನೆಲದಲ್ಲಿ ಒಂದು ಹದ ಮಳೆ ಬಿದ್ದರೂ ಸಾಕು, ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಚಕ್ಕಡಿ ಏಳುತ್ತಿರಲಿಲ್ಲ. ಹಾನಗಲ್ಲಿನ ಪಡುವಣ ಅಂಚು ಅರೆಮಲೆನಾಡು: ಭತ್ತ, ಕೆರೆ, ಕಾಡು, ಜೊತೆಗೆ ಚಳಿಜ್ವರ. ಹೀಗಾಗಿ ದೀಪಾವಳಿ ಕಳೆದು ನೆಲ ಆರಿದ ಮೇಲೆ ಹೊರಟು ಯುಗಾದಿಯ ಬಿಸಿಲು ಏರುವ ತನಕ ತಿರುಗುವುದು ರೂಢಿ. ಕ್ರಿಸ್ತ ಜಯಂತಿ ಒಮ್ಮೊಮ್ಮೆ ಡೇರೆಯಲ್ಲೇ ಆಗುತ್ತಿತ್ತು. ಅಜ್ಜಿ ಹೇಳುತ್ತಿದ್ದಳು, ಒಂದು ವರ್ಷ ಹಿರೇಕೆರೂರಿನ ಕಡೆ ಹೊಲದ ಬದುವಿನಲ್ಲಿ ಹಬ್ಬ ಮಾಡಿದರಂತೆ. ಗೋದಿ ಹುಗ್ಗಿಗೆ ಬೆಲ್ಲ ಸಾಲದೆ ಬಂದಾಗ ಪಕ್ಕದ ಹೊಲದ ಗೌಡರ ಮನೆಯಿಂದ ಕೇಳದೆಯೇ ಒಂದು ಅಚ್ಚು ಬೆಲ್ಲ ಬಂತಂತೆ.

ಚಕ್ಕಡಿಯಲ್ಲಿ ಏನಿರುತ್ತಿತ್ತು ಎಂದು ನನ್ನ ಅಪ್ಪನನ್ನು ಕೇಳಿದರೆ ಎಣಿಸಿ ಹೇಳುತ್ತಿದ್ದರು. ಒಂದು ತಗಡಿನ ಟ್ರಂಕಿನಲ್ಲಿ ಸತ್ಯವೇದ, ಸಂಗೀತದ ಪುಸ್ತಕ, ಸಂತೆಯಲ್ಲಿ ಕಾಸಿಗೆ ಮಾರುವ ಮಾರ್ಕ, ಲೂಕರ ಸುವಾರ್ತೆಯ ತೆಳು ಪುಸ್ತಕಗಳು, ಸುರುಳಿ ಸುತ್ತಿದ ಬಣ್ಣದ ಚಿತ್ರಪಟ. ಇನ್ನೊಂದರಲ್ಲಿ ಬಟ್ಟೆ. ಕೌದಿಗಳ ಮಡಿಕೆ, ಅದರ ಮೇಲೆ ಹಾರ್ಮೋನಿಯಂ, ಅದಕ್ಕೆ ಧೂಳು ಹಿಡಿಯದಂತೆ ಅಜ್ಜಿಯ ಹಳೆಯ ಇಳಕಲ್ ಸೀರೆಯ ಹೊದಿಕೆ. ಕಂದೀಲು, ಸೀಮೆಎಣ್ಣೆಯ ಡಬ್ಬಿ. ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿ, ಕಟಕ ರೊಟ್ಟಿ. ಕೊಯಿನಾ ಗುಳಿಗೆ, ಕಣ್ಣಿಗೆ ಹಾಕುವ ಔಷಧಿಯ ಸೀಸೆ. ಚಕ್ಕಡಿಯ ಅಡಿಗೆ ನೇತಾಡುವ ಕೊಡ. ಮಿಶನರಿ ಸಾಹೇಬರು ಜೊತೆಗೆ ಬಂದ ವರ್ಷ ಮ್ಯಾಜಿಕ್ ಲ್ಯಾಂಟರ್ನ್ ಬರುತ್ತಿತ್ತು. ಬಿಳಿ ಧೋತರದ ಪರದೆಯ ಮೇಲೆ ತಪ್ಪಿಹೋದ ಮಗನ ಕಥೆ ಮೂಡುವಾಗ ಊರಿಗೆ ಊರೇ ಚಾವಡಿಯ ಮುಂದೆ ಕೂಡುತ್ತಿತ್ತು.

ಆ ಕೊಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾದಿಯ ಕಷ್ಟ ಎಂದರೆ ಬಿಸಿಲು, ಜ್ವರ ಎಂದು ನಾವು ಬರೆಯುತ್ತೇವೆ. ಅಜ್ಜಿಗೆ ನೀರೇ ದೊಡ್ಡ ಕಷ್ಟ. ಹೊಸ ಊರಿಗೆ ಹೋದ ಕೂಡಲೇ ಭಾವಿಕಟ್ಟೆಯ ಮೇಲೆ ಬರುವ ಮೊದಲ ಪ್ರಶ್ನೆ, "ಯಾವ ಮಂದೀರಿ ನೀವು?" ಸಭೆಗೆ ಬಂದವರು ಬೇರೆ ಬೇರೆ ಕುಲದವರು. ಕುಲ ಬಿಟ್ಟೆವೆಂದು ನಾವು ಅಂದುಕೊಂಡರೂ ಭಾವಿ ಅದನ್ನು ಬಿಟ್ಟಿರಲಿಲ್ಲ. ಕೆಲವು ಊರಲ್ಲಿ ಕೊಡ ಕೆಳಗಿಟ್ಟು ಯಾರಾದರೂ ಮೇಲಿನಿಂದ ನೀರು ಹೊಯ್ಯುವ ತನಕ ಕಾಯಬೇಕು. ಕೆಲವು ಊರಲ್ಲಿ ಕೆರೆಯ ನೀರನ್ನೇ ಸೋಸಿ ಕಾಸಿ ಕುಡಿಯಬೇಕು. ಅಜ್ಜ ಚಾವಡಿಯಲ್ಲಿ ಸಮಾರ್ಯದ ಹೆಂಗಸು ಭಾವಿಯ ಬಳಿ ಯೇಸುವಿಗೆ ನೀರು ಕೊಡಲು ಹಿಂಜರಿದ ಕಥೆ ಹೇಳುತ್ತಿದ್ದ ಹೊತ್ತಿಗೆ ಅಜ್ಜಿ ನಿಜವಾದ ಭಾವಿಯ ಬಳಿ ಕೊಡ ಹಿಡಿದು ನಿಂತಿರುತ್ತಿದ್ದಳು. ಆ ನಿಲ್ಲುವಿಕೆ ಯಾವ ವಾರ್ಷಿಕ ವರದಿಯಲ್ಲೂ ಇಲ್ಲ. ವರದಿ ಬರೆಯುತ್ತಿದ್ದವರು ಮಿಶನರಿಗಳು, ಓದುತ್ತಿದ್ದವರು ಬಾಸೆಲ್ಲಿನ ಸಮಿತಿ. ಎಷ್ಟು ಹಳ್ಳಿ ಮುಟ್ಟಿತು, ಎಷ್ಟು ಪುಸ್ತಕ ಮಾರಿತು ಎಂಬುದಕ್ಕೆ ಅಲ್ಲಿ ಜಾಗ ಇರುತ್ತಿತ್ತು.

ಆದರೂ ಹೆಂಗಸರ ಕಡೆಯಿಂದಲೇ ಬಾಗಿಲು ತೆರೆಯುತ್ತಿತ್ತು. ಅಜ್ಜ ಅಗಸಿಯ ಒಳಗೆ ಗೌಡರ ಅಪ್ಪಣೆ ಕೇಳಿ, ಶ್ಯಾನುಭೋಗರಿಗೆ ನಮಸ್ಕಾರ ಹೇಳಿ, ಕಟ್ಟೆಯ ಮೇಲೆ ಪದ ಶುರುಮಾಡುವಷ್ಟರಲ್ಲಿ ಅಜ್ಜಿ ಹಿತ್ತಲ ಕಡೆಯಿಂದ ಎರಡು ಮನೆಗೆ ಹೋಗಿ ಬಂದಿರುತ್ತಿದ್ದಳು. ಕೂಸಿನ ಕಣ್ಣು ಕೆಂಪಾಗಿದೆ, ಬಾಣಂತಿಗೆ ಜ್ವರ, ಮಗಳ ಕೈಬರಹ ತಿದ್ದಬೇಕು, ಪರವೂರಿಗೆ ದುಡಿಯಲು ಹೋದ ಮಗನಿಗೆ ಕಾಗದ ಬರೆಯಬೇಕು. ಓದಲು ಬರೆಯಲು ಬರುವ ಹೆಂಗಸು ಎಂಬುದೇ ಆ ಹಳ್ಳಿಗಳಿಗೆ ಒಂದು ಸುದ್ದಿ. ಬಾಸೆಲ್ ಮಿಶನ್ನಿನ ಬೋರ್ಡಿಂಗಿನಲ್ಲಿ ಓದಿದ ಇಂಥ ಹೆಣ್ಣುಮಕ್ಕಳು ಉಪದೇಶಿಗಳ ಮಡದಿಯರಾಗಿ, ಬೈಬಲ್ ಸ್ತ್ರೀಯರಾಗಿ ಹೋದಲ್ಲೆಲ್ಲ ಸ್ಲೇಟು ಹೋಯಿತು. ಅವರ ಹೆಸರು ಹುಡುಕಹೋದರೆ ದಾಖಲೆಯಲ್ಲಿ ಗಂಡನ ಹೆಸರಿನ ಮುಂದೆ 'ಸಪತ್ನೀಕ' ಎಂಬ ಒಂದು ಮಾತು ಸಿಗುತ್ತದೆ. ಈ ಸಂಚಿಕೆ ಅಚ್ಚಾಗುವ ಹೊತ್ತಿಗಾದರೂ ಪ್ರತಿ ಮನೆಯವರು ತಮ್ಮ ಅಜ್ಜಿಯರ ಹೆಸರು ಬರೆದು ಸಭೆಯ ಕಚೇರಿಗೆ ಕೊಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಪರದೇಶದಿಂದ ಬಂದವರ ಮನೆಯ ನೋವು ಬೇರೆ ಬಗೆಯದು. ಬಾಸೆಲ್ ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸುವುದು ನಿಯಮ. ಅಂಥ ಮಕ್ಕಳಿಗಾಗಿಯೇ 1850ರ ದಶಕದಿಂದ ಬಾಸೆಲ್ಲಿನಲ್ಲಿ ಒಂದು ಮನೆ ಇತ್ತು. ತಾಯಿ ಇಲ್ಲಿ ಹಾದಿಯಲ್ಲಿ, ಮಕ್ಕಳು ಅಲ್ಲಿ ಶಾಲೆಯಲ್ಲಿ, ನಡುವೆ ತಿಂಗಳುಗಟ್ಟಲೆ ಕಾಗದದ ದಾರಿ. ಫರ್ಡಿನಂಡ್ ಕಿಟೆಲ್ ನಮಗೆ 1894ರ ನಿಘಂಟಿನ ಕಿಟೆಲ್. ಆದರೆ ಅವರ ಮೊದಲ ಮಡದಿ ಪೌಲಿನಾ ಚಿಕ್ಕ ಮಕ್ಕಳನ್ನು ಬಿಟ್ಟು ಈ ನೆಲದಲ್ಲೇ ತೀರಿಕೊಂಡರು. ನಿಘಂಟಿನ 1,752 ಪುಟಗಳನ್ನು ತಿರುವುವಾಗ ಆ ಮನೆಯ ಲೆಕ್ಕವೂ ನೆನಪಿರಲಿ. ನಮ್ಮ ದೇಶೀ ಉಪದೇಶಿಗಳ ಮಕ್ಕಳು ಅಷ್ಟು ದೂರ ಹೋಗಲಿಲ್ಲ, ಧಾರವಾಡ, ಬೆಟಗೇರಿಯ ಬೋರ್ಡಿಂಗಿಗೆ ಹೋದರು. ಹೋಗುವ ವಯಸ್ಸಾಗುವ ತನಕ ಚಕ್ಕಡಿಯಲ್ಲೇ ಮಗ್ಗಿ ಕಲಿತರು. ನನ್ನ ಅಪ್ಪನಿಗೆ ಹದಿಮೂರರ ಮಗ್ಗಿ ಬಂದದ್ದು ಎತ್ತಿನ ಗಂಟೆಯ ತಾಳಕ್ಕಂತೆ. ಮುದುಕರಾದ ಮೇಲೂ ಆ ಒಂದು ಮಗ್ಗಿಯನ್ನು ಮಾತ್ರ ಅವರು ತಲೆ ಅಲ್ಲಾಡಿಸುತ್ತ ಹೇಳುತ್ತಿದ್ದರು.

ಇಷ್ಟೆಲ್ಲ ಕಷ್ಟದ ನಡುವೆ ಈ ಸೀಮೆ ನಮ್ಮವರನ್ನು ಹೇಗೆ ಒಳಗೆ ಬಿಟ್ಟುಕೊಂಡಿತು ಎಂಬುದು ನಾನು ಬಹಳ ಕಾಲ ಯೋಚಿಸಿದ ಪ್ರಶ್ನೆ. ಇದು ಮಾತು ಹೊತ್ತು ತಿರುಗುವವರನ್ನು ಬಲ್ಲ ನೆಲ, ಅದೇ ಉತ್ತರವೆಂದು ಈಗ ನನಗೆ ಅನಿಸುತ್ತದೆ. ಕನಕದಾಸರು ಹುಟ್ಟಿದ ಬಾಡ ಶಿಗ್ಗಾವಿ ತಾಲ್ಲೂಕಿನದು. ಅದೇ ತಾಲ್ಲೂಕಿನ ಶಿಶುವಿನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಗೋವಿಂದಭಟ್ಟರ ಶಿಷ್ಯರಾಗಿ 1889ರವರೆಗೆ ಬಾಳಿದರು. ನಮ್ಮ ಹಳೆಯ ಮಿಶನರಿಗಳ ಅರ್ಧ ಶತಮಾನ ಪೂರ್ತಿ ಶರೀಫರ ಕಾಲವೇ. ಸರ್ವಜ್ಞನ ಊರೆಂದು ಜನ ಹೇಳುವ ಅಬಲೂರು ಮತ್ತು ಮಾಸೂರು ಹಿಂದಿನ ಹಿರೇಕೆರೂರು ಸೀಮೆಯವು. ಶಿವಶರಣ ಏಕಾಂತದ ರಾಮಯ್ಯನ ಶಾಸನ ಇರುವುದೂ ಆ ಅಬಲೂರಿನಲ್ಲೇ. ಹಾನಗಲ್ಲಿನ ವಿರಕ್ತಮಠದ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರ ಕಟ್ಟಲು ಜೋಳಿಗೆ ಹಿಡಿದು ತಿರುಗಿದವರು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ಊರಿಂದೂರಿಗೆ ನಡೆಸಿದರು. ದಾಸ, ಜಂಗಮ, ಫಕೀರ, ಗವಾಯಿ ಬಂದ ಅಗಸಿಗೆ ಹಾರ್ಮೋನಿಯಂ ಹೊತ್ತ ಕ್ರೈಸ್ತ ಉಪದೇಶಿಯೂ ಬಂದ. ಜನ ಅವನನ್ನು ಕೂಡಿಸಿ ಕೇಳಿದರು, ವಾದ ಮಾಡಿದರು, ಒಪ್ಪಲಿಲ್ಲ, ರೊಟ್ಟಿ ಕೊಟ್ಟು ಕಳಿಸಿದರು. ಒಪ್ಪಿದವರು ಕೆಲವರೇ. ಲೆಕ್ಕದಲ್ಲಿ ನೋಡಿದರೆ ಈ ಹಾದಿಗಳ ಫಲ ಸಣ್ಣದು, ಅದನ್ನು ದೊಡ್ಡದು ಮಾಡಿ ಬರೆಯುವುದು ಆ ಹಿರಿಯರಿಗೆ ಗೌರವವಲ್ಲ.

ಇನ್ನೊಂದು ಸತ್ಯವನ್ನೂ ಬರೆಯಬೇಕು. ಮೊದಮೊದಲು ಬಂದವರ ಬಾಯಿ ಒರಟು. ಜಾತ್ರೆಯ ತೇರಿನ ಮುಂದೆ ನಿಂತು ಜನ ಕೈಮುಗಿಯುವ ದೇವರನ್ನು ಹೀಗಳೆದು ಮಾತಾಡಿದವರು ಇದ್ದರು. ಮಣ್ಣು, ಸಗಣಿ ಎರಚಿಸಿಕೊಂಡದ್ದನ್ನು ಅವರು ಹಿಂಸೆ ಎಂದು ಬರೆದುಕೊಂಡರು. ಎರಚಿದವರ ಎದೆಗೆ ಏನಾಗಿತ್ತು ಎಂದು ಬರೆದುಕೊಳ್ಳಲಿಲ್ಲ. ಇದನ್ನು ಮುಚ್ಚಿಟ್ಟು ಸ್ಮರಣೆ ಮಾಡುವುದು ನನಗೆ ಸರಿ ಕಾಣದು.

ಆ ಒರಟನ್ನು ತಿದ್ದಿದ್ದು ಹಾದಿಯೇ. ಹಳ್ಳಿಯ ಕಟ್ಟೆಯ ಮೇಲೆ ಕೂತವನಿಗೆ ಕನ್ನಡ ಬೇಕು, ಪುಸ್ತಕದ ಕನ್ನಡ ಸಾಲದು. 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾದ ಮೊದಲ ಪೂರ್ಣ ಸತ್ಯವೇದವನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಬಾಸೆಲ್ ಮಿಶನರಿ ಮೋಗ್ಲಿಂಗ್ 1847ರಲ್ಲಿ ಗಾದೆಗಳನ್ನು ಕೂಡಿಸಿ ಅಚ್ಚು ಹಾಕಿದರು, ಅದರ ಹಿಂದೆಯೇ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಬಂದವು. ನಮ್ಮ ಸೀಮೆಯಲ್ಲೇ ಕೆಲಸ ಮಾಡಿದ ವೂರ್ತ್ ಎಂಬವರು ಬಸವಪುರಾಣ, ಚೆನ್ನಬಸವಪುರಾಣಗಳನ್ನು 1860ರ ದಶಕದಲ್ಲಿ ಇಂಗ್ಲಿಷಿಗೆ ತಂದರು. ಕಿಟೆಲ್ 1853ರಲ್ಲಿ ಬಂದು ಮೊದಲು ಕನ್ನಡ ಕಿವಿಗೆ ಹಾಕಿಕೊಂಡದ್ದು ಧಾರವಾಡ, ಹುಬ್ಬಳ್ಳಿಯ ಕಡೆಯಲ್ಲೇ. ಹೇಳುವುದಕ್ಕೆ ಬಂದವರು ಕೇಳತೊಡಗಿದ ಮೇಲೆ ಅವರ ಮಾತೂ ಮೆದುವಾಯಿತು.

ಈ ಕೇಳುವಿಕೆ ಒಬ್ಬ ಮನುಷ್ಯನಲ್ಲಿ ಪೂರ್ತಿಯಾಗಿ ಮಾಗಿತು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮನೆತನದ ಮೂಲ ಹಡಗಲಿ ಸೀಮೆಯ ಉತ್ತಂಗಿ. ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೈವಜ್ಞಾನ ಓದಿ ಬಂದು ಬೋಧಕರಾಗಿ ಹಳ್ಳಿ ಹಳ್ಳಿ ತಿರುಗಿದರು. ಹಳ್ಳಿಯ ಜನ ಸುವಾರ್ತೆಯ ಮಾತಿಗೆ ಉತ್ತರವಾಗಿ ಸರ್ವಜ್ಞನ ತ್ರಿಪದಿ ಹೇಳುತ್ತಿದ್ದರು. ಒಬ್ಬ ಹೇಳಿದ ಪದಕ್ಕೆ ಇನ್ನೊಂದೂರಿನವನ ಪಾಠ ಬೇರೆ. ಬೇರೊಬ್ಬನಾಗಿದ್ದರೆ ಅದನ್ನು ಎದುರುವಾದವೆಂದು ತಳ್ಳಿ ತನ್ನ ಮಾತು ಮುಂದುವರಿಸುತ್ತಿದ್ದ. ಚನ್ನಪ್ಪನವರು ಬರೆದುಕೊಂಡರು. ರೈತರ ಬಾಯಿಂದ, ಭಿಕ್ಷುಕರ ಬಾಯಿಂದ, ಮಠದ ತಾಳೆಗರಿಯಿಂದ, ಹಳೆಯ ವಹಿಗಳಿಂದ ಕೂಡಿಸಿದರು, ಒಂದರೊಡನೆ ಒಂದನ್ನು ಹೋಲಿಸಿ ಸೋಸಿದರು. 1924ರಲ್ಲಿ ಸುಮಾರು 2000 ತ್ರಿಪದಿಗಳ ಸರ್ವಜ್ಞ ಹೊರಬಂದ. ಅಬಲೂರು, ಮಾಸೂರಿನ ಕವಿಯನ್ನು ಕನ್ನಡಿಗರ ಕೈಗೆ ಶುದ್ಧವಾಗಿ ಕೊಟ್ಟವರು ಒಬ್ಬ ಸಂಚಾರಿ ಕ್ರೈಸ್ತ ಬೋಧಕರು ಎಂಬುದನ್ನು ಹೇಳುವಾಗ ನನಗೆ ಇಂದಿಗೂ ಎದೆ ತುಂಬುತ್ತದೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಶರಣರ ವಚನಗಳಿಗೆ ಕೈಹಾಕಿದರು, ಅನುಭವಮಂಟಪ ನಿಜವಾಗಿಯೂ ಇತ್ತು ಎಂದು ಆಧಾರ ಕೊಟ್ಟು ವಾದಿಸಿ ಪುಸ್ತಕ ಬರೆದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಬರೆದದ್ದೂ ಅವರೇ. ಆ ಹೆಸರಿನಲ್ಲೇ ಅವರ ದನಿ ಇದೆ, ಬೆತ್ಲೆಹೇಮು ಅಪ್ಪಣೆ ಮಾಡುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದರು. ಅವರು ತಮ್ಮನ್ನು ಕರೆದುಕೊಂಡದ್ದು 'ತಿರುಳ್ಗನ್ನಡದ ತಿರುಕ' ಎಂದು. ತಿರುಕ ಎಂಬ ಮಾತಿನಲ್ಲಿ ತಿರಿದುಣ್ಣುವವನೂ ಇದ್ದಾನೆ, ತಿರುಗುವವನೂ ನನಗೆ ಕೇಳಿಸುತ್ತಾನೆ. 1962ರಲ್ಲಿ ಅವರು ತೀರಿಕೊಂಡರು. ನನ್ನ ಅಜ್ಜನ ಟ್ರಂಕಿನಲ್ಲಿ ಲೂಕನ ಸುವಾರ್ತೆಯ ಪಕ್ಕದಲ್ಲೇ ಅವರ ಸರ್ವಜ್ಞ ಇರುತ್ತಿತ್ತು. ಸುವಾರ್ತೆಯ ಪ್ರತಿ ಹೊಸದು, ವರ್ಷವರ್ಷ ಮಾರಿ ಹೋಗುತ್ತಿತ್ತು. ಸರ್ವಜ್ಞ ಮಾತ್ರ ಅದೇ ಒಂದು, ಮೂಲೆ ಸವೆದು, ಹುಣಸೆ ಅಂಟಿನಿಂದ ಮತ್ತೆ ಮತ್ತೆ ಹಚ್ಚಿದ್ದು. ಹಿರೇಕೆರೂರಿನ ಕಡೆಯ ಸಂತೆಯಲ್ಲಿ ಒಂದು ತ್ರಿಪದಿಯಿಂದ ಮಾತು ಶುರುಮಾಡಿದರೆ ಜನ ಹತ್ತಿರ ಸರಿದು ಕೂಡುತ್ತಾರೆ, ಅದು ಅವರ ಮನೆಯ ಮಾತು ಎಂದು ಅಜ್ಜ ಹೇಳುತ್ತಿದ್ದರು.

ಯುದ್ಧಗಳ ಕಥೆಯನ್ನು ಇತರ ಲೇಖಕರು ಈ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತಾರೆ, ನಾನು ಎರಡೇ ಮಾತು ಹೇಳುತ್ತೇನೆ. 1914ರಲ್ಲಿ ಯುದ್ಧ ಹತ್ತಿದಾಗ ಜರ್ಮನ್ ಮಿಶನರಿಗಳನ್ನು ಸರ್ಕಾರ ಹಿಡಿದು ಅಹಮದನಗರದ ಶಿಬಿರದಲ್ಲಿಟ್ಟಿತು, ಆಮೇಲೆ ಹಡಗು ಹತ್ತಿಸಿ ಕಳಿಸಿತು. ಬಂಗಲೆಗಳು ಬರಿದಾದವು. ಹಾದಿ ಬರಿದಾಗಲಿಲ್ಲ. ಚಕ್ಕಡಿಯವರು ಇಲ್ಲಿಯವರೇ, ಅವರನ್ನು ಯಾವ ಹಡಗಿಗೂ ಹತ್ತಿಸುವಂತಿರಲಿಲ್ಲ. ಸಾಹೇಬರಿಲ್ಲದೆ ಸಭೆ ನಡೆಯಬಲ್ಲದು ಎಂಬುದು ನಮ್ಮವರಿಗೆ ಗೊತ್ತಾದದ್ದು ಆ ವರ್ಷಗಳಲ್ಲಿ. 1968ರಲ್ಲಿ ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಗೆ ಸೇರಿದಾಗ, 1970ರಲ್ಲಿ ಧಾರವಾಡದಲ್ಲಿ ಉತ್ತರ ಸಭಾಪ್ರಾಂತ ಏರ್ಪಟ್ಟಾಗ, ಆ ಮೊದಲ ಧೈರ್ಯ ಬೆನ್ನಿಗಿತ್ತು.

ಆಮೇಲೆ ಸೈಕಲ್ ಬಂತು, ಬಸ್ಸು ಬಂತು. ಸೈಕಲ್ಲಿನ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಲಾಗದು. ಸಂಚಾರ ಒಬ್ಬ ಗಂಡಸಿನ ಕೆಲಸವಾಯಿತು, ಸಂಜೆಗೆ ಮನೆಗೆ ಮರಳುವ ಕೆಲಸವಾಯಿತು. ಸೌಕರ್ಯ ಹೆಚ್ಚಿತು, ನಿಜ. ಮಕ್ಕಳ ಶಾಲೆ ತಪ್ಪಲಿಲ್ಲ, ಬಾಣಂತನ ಆಸ್ಪತ್ರೆಯಲ್ಲಾಯಿತು. ಆದರೆ ರಾತ್ರಿ ಊರಲ್ಲಿ ಉಳಿಯುವುದು ನಿಂತಿತು. ಕಂದೀಲು ಹಚ್ಚಿದ ಮೇಲೆ ಚಾವಡಿಗೆ ಬರುತ್ತಿದ್ದ ಮುದುಕರು, ಹಿತ್ತಲ ಬಾಗಿಲಿಗೆ ಬರುತ್ತಿದ್ದ ಹೆಂಗಸರು ನಮ್ಮವರ ಪಾಲಿಗೆ ಇಲ್ಲವಾದರು. ಹಗಲು ಬಂದು ಹಗಲು ಹೋಗುವವನಿಗೆ ಊರು ತನ್ನ ಪದ ಹೇಳುವುದಿಲ್ಲ.

ಅಜ್ಜಿ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಇಸವಿ ನೆನಪಿರುತ್ತಿರಲಿಲ್ಲ. ಯಾವುದು ಯಾವಾಗ ಆಯಿತೆಂದು ಕೇಳಿದರೆ ಜಾಗ ಹೇಳುತ್ತಿದ್ದಳು. ದೊಡ್ಡಪ್ಪನಿಗೆ ಸಿಡುಬು ಎದ್ದದ್ದು ಸವಣೂರಿನ ಮಠದ ದೊಡ್ಡ ಹುಣಸೆ ಮರಗಳ ನೆರಳಲ್ಲಿ ಎತ್ತು ಬಿಚ್ಚಿದ ದಿನ. ಆ ಮೂರು ಮರಗಳ ಬೊಡ್ಡೆಯನ್ನು ಎರಡು ಕೈ ಚಾಚಿ ತೋರಿಸಲು ಹೋಗಿ ಸಾಲದೆ ನಗುತ್ತಿದ್ದಳು. ಹಾರ್ಮೋನಿಯಂ ನೀರಿಗೆ ಬಿದ್ದದ್ದು ಮದಗದ ಕೆರೆಯ ಕೆಳಗಿನ ಹಳ್ಳದಲ್ಲಿ. "ಮತ್ತ ನನ್ನಪ್ಪ ಹುಟ್ಟಿದ್ದು ಎಲ್ಲಬೇ ಅಜ್ಜಿ?" ಎಂದರೆ, "ಅದಽ, ವರದಾ ದಾಟೂ ಮುಂದ. ಈಚಿ ದಂಡ್ಯಾಗ ಬ್ಯಾನಿ ಬಂತು, ಆಚಿ ದಂಡ್ಯಾಗ ಕೂಸು ಅತ್ತು" ಎನ್ನುತ್ತಿದ್ದಳು. ಈಚೆಯ ದಂಡೆ ಹಾನಗಲ್ಲಿನದು, ಆಚೆಯದು ಸವಣೂರಿನದು.

ಈ ಲೇಖನಕ್ಕಾಗಿ ಕಳೆದ ವಾರ ಸಭೆಯ ದೀಕ್ಷಾಸ್ನಾನದ ಹಳೆಯ ರಿಜಿಸ್ಟರ್ ತೆಗೆಸಿ ನೋಡಿದೆ. ಅಪ್ಪನ ಹೆಸರಿದೆ, ತಾರೀಖಿದೆ, ಅಜ್ಜನ ರುಜು ಇದೆ. ಹುಟ್ಟಿದ ಊರು ಎಂಬ ಕಾಲಮ್ಮಿನಲ್ಲಿ ಬೋಧಕರು ಕಪ್ಪು ಶಾಯಿಯಲ್ಲಿ 'ಸಂಚಾರದಲ್ಲಿ' ಎಂದು ಬರೆದಿದ್ದಾರೆ.